ಬಣ್ಣ ಬಿಡದ ಫ್ಲಾಸ್ಕು

ವಾಗೀಶಯ್ಯನವರು ಕಾಲೇಜೊಂದರಲ್ಲಿ ಕೆಮಿಸ್ಟ್ರಿ ಕಲಿಸಿ ಕಲಿಸಿ ಸೋತುಹೋಗಿದ್ದರು. ಅಟೆಂಡರ್ ನಿವೃತ್ತನಾದ ಮೇಲೆ ಬೇರೆ ಯಾರೂ ಬಂದಿರಲಿಲ್ಲ. ಹೀಗಾಗಿ ಪ್ರಾಕ್ಟಿಕಲ್ ಪರೀಕ್ಷೆಯ ಬೆಳಿಗ್ಗೆ ಬಾಟಲಿ ತುಂಬಿಸುವ ಕೆಲಸವೂ ಅವರ ತಲೆಗೇ ಬಂತು.

ಪರೀಕ್ಷೆ ಸುಲಭದ್ದೇ. ಫ್ಲಾಸ್ಕಿನ ಗುಲಾಬಿ ದ್ರಾವಣಕ್ಕೆ ಆಸಿಡ್ಡನ್ನು ತೊಟ್ಟು ತೊಟ್ಟಾಗಿ ಬಿಡಬೇಕು. ಬಣ್ಣ ಹೋದ ಕೂಡಲೇ ಆಸಿಡ್ ಎಷ್ಟು ಹಿಡಿಯಿತೆಂದು ಬರೆಯಬೇಕು. ನಮ್ಮ ಪುಣ್ಯಾತ್ಮ ವಿದ್ಯಾರ್ಥಿಗಳು ಅಷ್ಟಕ್ಕೂ ಕಷ್ಟಪಡುತ್ತಿರಲಿಲ್ಲ. "ಒಂಬತ್ತೂವರೆ ಎಂಎಲ್ ಬರುತ್ತೆ" ಎಂದು ಸೀನಿಯರ್‌ಗಳು ಜೂನಿಯರ್‌ಗಳ ಕಿವಿಯಲ್ಲಿ ಊದಿ ಹೋಗುವುದು ಅಲ್ಲಿನ ವಾಡಿಕೆ. ವಾಗೀಶಯ್ಯನವರಿಗೂ ಅದು ಗೊತ್ತಿತ್ತು. ಫಲಿತಾಂಶ ಚೆನ್ನಾಗಿ ಬರುತ್ತಿತ್ತಲ್ಲ, ಸುಮ್ಮನಿದ್ದರು.

ಅಂದು ರುಕ್ಸಾನಾ ಎಂಬ ವಿದ್ಯಾರ್ಥಿನಿ ಅಳುಮುಖ ಮಾಡಿಕೊಂಡು ಬಂದಳು. "ಸರ್, ಎಷ್ಟು ಬಿಟ್ರೂ ಬಣ್ಣ ಹೋಗ್ತಾನೇ ಇಲ್ಲ."

"ಎಲ್ರಿಗೂ ಹೋಗಿದೆ, ನಿನಗೊಬ್ಬಳಿಗೆ ಯಾಕಮ್ಮ ಹೋಗಲ್ಲ? ಸರಿಯಾಗಿ ಮಾಡು, ಇಲ್ಲದಿದ್ರೆ ಫೇಲಾಗ್ತೀಯ."

ಅವಳು ಮತ್ತೆ ಮಾಡಿದಳು. ಕೊನೆಗೆ ಕಣ್ಣೊರೆಸಿಕೊಂಡು "ಬಣ್ಣ ಹೋಗಲಿಲ್ಲ" ಎಂದೇ ಬರೆದು ಕೊಟ್ಟು, ಎಲ್ಲರೊಂದಿಗೆ ಹೊರಗೆ ಹೋಗಿ ನಿಂತಳು.

ಉಳಿದವರೆಲ್ಲರ ಹಾಳೆಯಲ್ಲೂ ಒಂಬತ್ತೂವರೆ. ಅವಳಿಗೆ ಸೊನ್ನೆ ಹಾಕಲು ಪೆನ್ನೆತ್ತಿದ ವಾಗೀಶಯ್ಯನವರ ಕಣ್ಣು ಮೇಜುಗಳ ಕಡೆ ಹೋಯಿತು. ಸಾಲಿಗೆ ಸಾಲು ಫ್ಲಾಸ್ಕುಗಳು ಗುಲಾಬಿಯಾಗಿಯೇ ನಿಂತಿದ್ದವು! ಅವರು ಪೆನ್ನಿಟ್ಟು ಎದ್ದರು. ಆಸಿಡ್ ತಾಗಿದರೆ ಕೆಂಪಾಗಬೇಕಾದ ನೀಲಿ ಲಿಟ್ಮಸ್ ಕಾಗದವನ್ನು ಆಸಿಡ್ ಬಾಟಲಿಗೆ ಅದ್ದಿ ನೋಡಿದರೆ ಅದೂ ಬಣ್ಣ ಬದಲಿಸಲಿಲ್ಲ. ಬೆಳಗಿನ ಸುಸ್ತಿನಲ್ಲಿ ಅವರು ಬಾಟಲಿಗೆ ಬರೀ ನೀರು ತುಂಬಿಸಿದ್ದರು.

ಬೇರೆ ಕಾಲೇಜಿನಿಂದ ಬಂದಿದ್ದ ಪರೀಕ್ಷಕರು ಸಂಗತಿ ಕೇಳಿ ಚೀಲ ಹೆಗಲಿಗೇರಿಸಿದರು. "ಎಲ್ರಿಗೂ ಮಾರ್ಕ್ಸ್ ಹಾಕಿ ಮುಗಿಸಿಬಿಡಿ ಸರ್. ಬಸ್ಸಿಗೆ ಹೊತ್ತಾಯ್ತು."

ವಾಗೀಶಯ್ಯನವರಿಗೂ ಹಾಗೇ ಅನ್ನಿಸಿತು. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ಆದರೆ ನೀರಿಗೆ ಅಂಕ ಹಾಕಲು ಕೈ ಬರಲಿಲ್ಲ. ರುಕ್ಸಾನಾಳಿಗೆ ಪೂರ್ತಿ ಅಂಕ ಕೊಟ್ಟು, ಹೊರಗೆ ಹೋಗಿ ವಿದ್ಯಾರ್ಥಿಗಳ ಮುಂದೆ ನಿಂತರು.

"ತಪ್ಪು ನಂದೇ. ಬಾಟಲಿಯಲ್ಲಿ ಆಸಿಡ್ ಇರಲಿಲ್ಲ, ನೀರಿತ್ತು. ಅದನ್ನ ಕಂಡಹಾಗೆ ಬರೆದಿದ್ದು ರುಕ್ಸಾನಾ ಒಬ್ಬಳೇ. ಉಳಿದೋರಿಗೆ ನಾಳೆ ಮತ್ತೆ ಪರೀಕ್ಷೆ."

ಎಲ್ಲರೂ ತಲೆ ತಗ್ಗಿಸಿದರು. ಹಿಂದಿನಿಂದ ಒಬ್ಬ ಮೆಲ್ಲಗೆ ಕೇಳಿದ: "ಸರ್, ನಾಳೆ ಎಷ್ಟು ಬರುತ್ತೆ?"

ವಾಗೀಶಯ್ಯನವರು ಅಲ್ಲೇ ಇದ್ದ ಬೆಂಚಿನ ಮೇಲೆ ಕೂತುಬಿಟ್ಟರು.

ನೀತಿ: ಉತ್ತರ ಮೊದಲೇ ಗೊತ್ತಿರುವ ಪರೀಕ್ಷೆಯಲ್ಲಿ ಎಷ್ಟು ಅಂಕ ಬಂದರೂ ಕಲಿತದ್ದೆಷ್ಟೆಂದು ತಿಳಿಯುವುದಿಲ್ಲ. ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯ ಬಂದರೆ ಅಷ್ಟು ಕಲಿತಂತೆ. ಅದನ್ನು ಕಲಿಸುವವರು ಮೊದಲು ತಾವೇ ಫ್ಲಾಸ್ಕಿನ ಕಡೆ ಒಮ್ಮೆ ನೋಡಬೇಕು.