ಮುಚ್ಚಿದ ಮುಷ್ಟಿ

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಬಡವರಿಗೆಂದು ಒಂದು ದವಾಖಾನೆ. ಗುರುಗಳಾದ ವಿರೂಪಾಕ್ಷಯ್ಯನವರೇ ಅಲ್ಲಿ ಮಕ್ಕಳ ವೈದ್ಯರು. ಶಿಷ್ಯ ಬಸವಪ್ರಭು ಹೊಸ ಡಾಕ್ಟರು. ಸ್ಕ್ಯಾನ್ ಕಂಡರೆ ಅವನಿಗೆ ಜೀವ.

ಒಂದು ಬೆಳಿಗ್ಗೆ ನೀಲವ್ವ ಎಂಬ ತಾಯಿ ತನ್ನ ಪುಟ್ಟ ಮಗಳು ಶಾಂಭವಿಯನ್ನು ಕರೆತಂದಳು. ಹುಡುಗಿಗೆ ಪದೇ ಪದೇ ಫಿಟ್ಸ್ ಬರುತ್ತಿತ್ತು.

ನೀಲವ್ವ ತಂದಿದ್ದ ತಲೆಯ ಸ್ಕ್ಯಾನನ್ನು ಶಿಷ್ಯ ಬೆಳಕಿಗೆ ಹಿಡಿದ. ಮಿದುಳಿನೊಳಗೆ ಬಿಳಿ ಚುಕ್ಕೆಗಳು. ಅವನ ಮುಖ ಸಪ್ಪಗಾಯಿತು. ಗುರುಗಳನ್ನು ಹೊರಗೆ ಕರೆದ.

“ತಲೆಯಲ್ಲೇನೋ ಕೆಟ್ಟದ್ದಿದೆ ಗುರುಗಳೇ. ಈ ಮಗು ಉಳಿಯೋದು ಕಷ್ಟ. ತಾಯಿಗೆ ಹೇಗೆ ಹೇಳಲಿ?”

“ಮಗುವನ್ನು ನೋಡಿದೆಯಾ?”

“ಸ್ಕ್ಯಾನ್ ನೋಡಿದೆ.”

ಗುರುಗಳು ಒಳಗೆ ಹೋಗಿ ಹುಡುಗಿಯ ಅಂಗೈಯಲ್ಲಿ ಒಂದು ಹುಣಸೆಬೀಜ ಇಟ್ಟರು.

“ಗಟ್ಟಿಯಾಗಿ ಮುಚ್ಚಿಕೋ ತಂಗಿ. ಯಾರು ಕೇಳಿದ್ರೂ ಕೊಡಬ್ಯಾಡ.”

ಹುಡುಗಿ ಮುಷ್ಟಿ ಬಿಗಿದಳು. ಉಂಗುರದ ಬೆರಳಿನ ಗೆಣ್ಣು ಏಳಬೇಕಾದ ಜಾಗದಲ್ಲಿ ಗುಳಿ ಬಿತ್ತು.

ಶಿಷ್ಯ ಅದನ್ನು ಮುಟ್ಟಿ ನೋಡಿದ. ಆಮೇಲಷ್ಟೇ ಅವಳ ದುಂಡು ಮುಖ, ಗಿಡ್ಡ ಮೈಕಟ್ಟು ಅವನ ಕಣ್ಣಿಗೆ ಬಿದ್ದವು.

ಕೈಯ ಎಕ್ಸ್‌ರೇ ತೆಗೆಸಿದರು. ಆ ಬೆರಳಿನ ಬುಡದ ಎಲುಬು ಮೋಟಾಗಿತ್ತು. ರಕ್ತದಲ್ಲಿ ಕ್ಯಾಲ್ಸಿಯಂ ತೀರಾ ಕಡಿಮೆ, ಅದನ್ನು ಏರಿಸುವ ಹಾರ್ಮೋನು ಮಾತ್ರ ಬೇಕಾದಷ್ಟಿತ್ತು.

“ಹಾರ್ಮೋನು ಕೂಗುತ್ತಿದೆ. ಮೈ ಕೇಳಿಸಿಕೊಳ್ಳುತ್ತಿಲ್ಲ,” ಎಂದರು ಗುರುಗಳು. “ತಲೆಯಲ್ಲಿರುವುದು ಗಡ್ಡೆಯಲ್ಲ, ಕಟ್ಟಿಕೊಂಡ ಸುಣ್ಣ. ರಕ್ತದಲ್ಲಿ ಕ್ಯಾಲ್ಸಿಯಂ ಇಳಿದದ್ದಕ್ಕೇ ಫಿಟ್ಸ್. ಔಷಧಿ ಕೊಟ್ಟರೆ ಹತೋಟಿಗೆ ಬರುತ್ತದೆ.”

“ನನ್ನ ಕೂಸು ಉಳೀತದೇನ್ರೀ ಅಪ್ಪಾರ?”

“ಉಳೀತದವ್ವಾ. ಔಷಧಿ ಒಂದು ತಪ್ಪಿಸಬ್ಯಾಡ.”

ನೀಲವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಎಷ್ಟೋ ದಿನಗಳಿಂದ ಎದೆಯ ಮೇಲಿದ್ದ ಭಾರ ಇಳಿದಿತ್ತು.

“ಅವ್ವಾ, ಈಗ ನೀನು ಮುಚ್ಚು,” ಎಂದು ಶಾಂಭವಿ ಬೀಜವನ್ನು ತಾಯಿಯ ಕೈಗಿಟ್ಟಳು.

ನೀಲವ್ವ ಮುಷ್ಟಿ ಬಿಗಿದಳು. ಅಲ್ಲೂ ಅದೇ ಗುಳಿ.

“ಇಲ್ಲೂ ಇದೆ ಗುರುಗಳೇ!” ಶಿಷ್ಯ ಹಿಗ್ಗಿದ. “ಅಮ್ಮಾ, ಇದು ನಿಮ್ಮಿಂದಲೇ ಬಂದದ್ದು!”

ನೀಲವ್ವನ ಮುಖ ಬಾಡಿತು. “ಅಂದ್ರ ಈ ಬ್ಯಾನಿ ಆಕಿಗೆ ನಾನೇ ಕೊಟ್ನೇನ್ರೀ?”

ಶಿಷ್ಯ ನಾಲಿಗೆ ಕಚ್ಚಿಕೊಂಡ. ಗುರುಗಳ ಕಡೆ ನೋಡಿದ.

ಇದ್ಯಾವುದರ ಪರಿವೆಯೂ ಇಲ್ಲದ ಶಾಂಭವಿ ತಾಯಿಯ ಬೆರಳುಗಳನ್ನು ಬಿಡಿಸಿ, ಬೀಜ ಕಸಿದುಕೊಂಡು ಕಿಲಕಿಲ ನಕ್ಕಳು.

ಗುರುಗಳು ಹೇಳಿದರು, “ಹೌದವ್ವಾ, ನೀನೇ ಕೊಟ್ಟಿ. ಆ ನಗುನೂ ನೀನೇ ಕೊಟ್ಟಿ.”