ಗಡಿಗೆಗೆ ಬಿದ್ದ ಬೀಜ

ಮಲಪ್ರಭೆಯ ದಂಡೆಯ ಆ ಆಶ್ರಮದಲ್ಲಿ ಒಂದು ಪದ್ಧತಿಯಿತ್ತು. ಮಧ್ಯಾಹ್ನ ಊಟಕ್ಕಿರುವವರು ಬೆಳಗಿನ ಪ್ರಾರ್ಥನೆ ಮುಗಿಸಿ ಬರುವಾಗ ಅಡುಗೆಮನೆ ಬಾಗಿಲಿನ ಗಡಿಗೆಗೆ ಒಂದು ಹುಣಸೆ ಬೀಜ ಹಾಕಬೇಕು. ಬೀಜಕ್ಕೊಂದು ಬೊಗಸೆ ಜೋಳದ ನುಚ್ಚು ಒಲೆಗೇರುತ್ತಿತ್ತು.

ಬೀಜ ಎಣಿಸಿ ನುಚ್ಚು ಬೇಯಿಸುವ ಕೆಲಸ ರೇವಣಸಿದ್ಧನದು. ನಲವತ್ತು ದೇಶಗಳಲ್ಲಿ ಸೋಪು, ಟೂತ್‌ಪೇಸ್ಟು ಮಾರುವ ಕಂಪನಿಯಲ್ಲಿ ಹದಿನೆಂಟು ವರ್ಷ ದುಡಿದು ಬಂದವನು. ನೌಕರಿ ಬಿಟ್ಟಿದ್ದ, ಊರು ಬಿಟ್ಟಿದ್ದ, ಫೋನು ಮಾತ್ರ ಬಿಟ್ಟಿರಲಿಲ್ಲ. ಕಣಜದ ಮರೆಯಲ್ಲಿ ನಿಂತು ದಿನಕ್ಕೆ ಹತ್ತು ಸಲ ಆ ಕಂಪನಿಯ ಷೇರಿನ ಬೆಲೆ ನೋಡುತ್ತಿದ್ದ.

ಸುಮ್ಮನೆ ಅಲ್ಲ. ಅವನ ಅಕ್ಕ ನೀಲವ್ವ ಮೂವತ್ತು ವರ್ಷ ಹಾಸ್ಟೆಲಿನಲ್ಲಿ ರೊಟ್ಟಿ ಬಡಿದವಳು. ನಿವೃತ್ತಿಯಾದಾಗ ಬಂದದ್ದನ್ನೆಲ್ಲ ತಮ್ಮನ ಮಾತು ನಂಬಿ ಆ ಷೇರಿಗೆ ಹಾಕಿದ್ದಳು. ಈಗ ನಾಲ್ಕು ದಿನದಿಂದ ಬೆಲೆ ಇಳಿಯುತ್ತಲೇ ಇತ್ತು.

ಆ ದಿನ ನಸುಕಿನಲ್ಲೇ ಅವಳ ಫೋನು ಬಂತು.

“ತಮ್ಮಾ, ಮಾರ್ಲೊ, ಇಟ್ಕೊಳ್ಲೊ? ಮೂರೂವರಿಗೆ ಮಾರ್ಕೆಟ್ ಮುಚ್ಚತೈತಂತ. ಅಷ್ಟರಾಗ ಹೇಳು. ನೀ ಹೆಂಗಂತಿ ಹಂಗ.”

ರೇವಣಸಿದ್ಧ ಹೊಳೆಗೆ ಓಡಿದ. ಗುರುಗಳು ಕಲ್ಲಿನ ಮೇಲೆ ಧೋತರ ಒಗೆಯುತ್ತಿದ್ದರು. ಅವರನ್ನು ಎಲ್ಲರೂ ಅಜ್ಜಾರು ಅನ್ನುತ್ತಿದ್ದರು. ಅವರ ಕೈಯಲ್ಲಿದ್ದದ್ದೂ ಅದೇ ಕಂಪನಿಯ ಸೋಪು.

“ಅಜ್ಜಾರ, ನಾ ಹೇಳಿದ್ದಕ್ಕ ಅಕ್ಕ ನಮ್ಮ ಕಂಪನಿ ಷೇರು ತಗೊಂಡಾಳ, ಈಗ ಮಾರ್ಲೊ ಅಂತ ಕೇಳಾಕತ್ತಾಳ. ಷೇರಿನ ಬೆಲಿ ಯಾತರಿಂದ ಏರತೈತಿ, ಯಾತರಿಂದ ಇಳಿತೈತಿ?”

“ಹದಿನೆಂಟು ವರ್ಷ ಅಲ್ಲಿದ್ದವ ನೀನು. ನೀನ ಹೇಳು.”

“ಸೋಪಿಗೆ ಹಾಕೂ ತಾಳೆ ಎಣ್ಣಿ ತುಟ್ಟಿ ಆದ್ರ ಇಳಿತೈತಿ. ಡಾಲರ್ ಏರಿಳಿದ್ರ ಅಲ್ಲಾಡತೈತಿ. ಮಳಿ ಆಗಲಿಲ್ಲಂದ್ರ ಹಳ್ಳಿ ಮಂದಿ ದೊಡ್ಡ ಸೋಪು ಬಿಟ್ಟು ಸಣ್ಣದು ತಗೋತಾರ. ದೊಡ್ಡ ಸಾಹೇಬರು ಬದಲಾದ್ರೂ ನಡಗತೈತ್ರಿ.”

“ಈ ನಾಕು ದಿನದಾಗ ಏನಾತು?”

“ಕಂಪನಿಗೆ ಲಾಭ ಆತ್ರಿ. ಆದ್ರ ಮಂದಿ ತಿಳಕೊಂಡಷ್ಟು ಆಗಲಿಲ್ಲ.”

ಅಜ್ಜಾರು ಧೋತರ ಹಿಂಡಿಕೊಂಡು ಎದ್ದರು. ಪ್ರಾರ್ಥನೆಗೆ ಹೊತ್ತಾಗಿತ್ತು.

ಪ್ರಾರ್ಥನೆ ಮುಗಿಸಿ ಅಜ್ಜಾರೇ ಎಲ್ಲರಿಗಿಂತ ಮೊದಲು ಗಡಿಗೆಯ ಹತ್ತಿರ ಬಂದರು. ಹಿಂದೆಯೇ ರೇವಣಸಿದ್ಧ ನಿಂತಿದ್ದ. ಟಕ್, ಟಕ್, ಟಕ್. ಅಜ್ಜಾರ ಕೈಯಿಂದ ಮೂರು ಬೀಜ ಬಿದ್ದವು.

ಅತಿಥಿಗಳು ಬರುವವರಿದ್ದಾರೆ ಅಂದುಕೊಂಡ ರೇವಣಸಿದ್ಧ. ಎಷ್ಟು ಜನವೋ ಏನೋ, ನುಚ್ಚು ಸಾಲದೆ ಹೋದರೆ ಮಾನ ಹೋಗುವುದು ತನ್ನದೇ. ತಾನೂ ಮೂರು ಹಾಕಿದ. ಅವನ ಹಿಂದಿನವರು ಅವನನ್ನು ನೋಡಿದರು. ಅವರ ಹಿಂದಿನವರು ಅವರನ್ನು ನೋಡಿದರು. ಹೆಚ್ಚುಕಡಿಮೆ ಎಲ್ಲರೂ ಮೂರು ಮೂರು ಹಾಕಿದರು.

ಎಣಿಸಿದರೆ ನೂರಾ ಹದಿನೆಂಟು. ಅಷ್ಟಕ್ಕೂ ನುಚ್ಚು ಹಾಕಿದ. ದೊಡ್ಡ ಹಂಡೆಯನ್ನೇ ಒಲೆಗೇರಿಸಬೇಕಾಯಿತು.

ಮಧ್ಯಾಹ್ನ ಊಟಕ್ಕೆ ಕೂತವರು ನಲವತ್ತೊಂದು ಜನ. ಎಂದಿನಷ್ಟೇ.

ಅಜ್ಜಾರು ಅಡುಗೆಮನೆಗೆ ಬಂದು ಹಂಡೆಯಲ್ಲಿ ಇಣುಕಿದರು.

“ನೀ ಎಷ್ಟು ಹಾಕಿದಿ?”

“ಮೂರು.”

“ಮೂರು ಮಂದಿ ಹಸಿವಿತ್ತೇನು ನಿನಗ?”

“ಇಲ್ರೀ. ನೀವು ಮೂರು ಹಾಕಿದ್ರಿ, ಅದಕ್ಕ.”

“ನಾ ಯಾಕ ಹಾಕಿದೆ ಅಂತ ಕೇಳಿದೇನು?”

ರೇವಣಸಿದ್ಧ ಇಲ್ಲವೆಂದು ತಲೆಯಾಡಿಸಿದ.

“ಮುದಿ ಕೈ. ಎರಡು ಜಾರಿ ಬಿದ್ದಿದ್ವು,” ಅಂದರು ಅಜ್ಜಾರು. “ತಗೀಬೇಕು ಅನ್ನೂದ್ರಾಗ ಮ್ಯಾಲ ನಿಮ್ಮವು ಬಿದ್ವು.”

ಹಂಡೆಯ ಪಕ್ಕ ಕೂತು ಕೇಳಿದರು, “ನಿಮ್ಮಕ್ಕಗ ಆ ಷೇರು ತಗೋ ಅಂತ ಯಾಕ ಹೇಳಿದ್ದಿ?”

ಎಣ್ಣೆಯ ಬೆಲೆ, ಡಾಲರು, ಮಳೆ ಎಲ್ಲ ಬಾಯಿಪಾಠವಾಗಿದ್ದ ಮನುಷ್ಯ, ಅಕ್ಕನಿಗೆ ಹೇಳಿದ ದಿನ ಯಾವುದನ್ನೂ ನೋಡಿರಲಿಲ್ಲ.

“ಆಫೀಸಿನಾಗ ಎಲ್ಲಾರೂ ತಗೊಳ್ಳಾಕತ್ತಿದ್ರು. ಗಾಳಿ ಬಂದಾಗ ತೂರಿಕೋ ಅಂದ್ರು. ನಾನೂ ಅಕ್ಕಗ ಅದನ್ನ ಅಂದೆ.”

ಹೇಳಿದ ಮೇಲೆ ನಾಚಿಕೆಯಿಂದ ಕುಗ್ಗಿಹೋದ. ಮೂವತ್ತು ವರ್ಷ ಬೆಂಕಿಯ ಮುಂದೆ ಕೂತವಳ ದುಡಿಮೆ ಅದು.

ಹೊರಗೆ ಬಂದು ಫೋನು ಹಚ್ಚಿದ. ಮೂರು ಗಂಟೆಯಾಗಿತ್ತು.

“ಅಕ್ಕಾ, ಆವತ್ತ ನನಗೇನೂ ಗೊತ್ತಿರಲಿಲ್ಲ. ಮಂದೀನ್ನ ನೋಡಿ ಹೇಳಿದ್ದೆ. ತಪ್ಪು ನಂದು.”

“ಆಗ್ಲಿ ಬಿಡೊ. ಈಗೇನ್ ಮಾಡ್ಲಿ ಹೇಳು.”

“ನಿನಗ ರೊಕ್ಕ ಯಾವಾಗ ಬೇಕಕ್ಕಾ?”

“ಬರೋ ತಿಂಗಳು ಕಣ್ಣಿನ ಆಪರೇಷನ್ನು. ಎಡಗಣ್ಣು ಕಾಣವಲ್ದು. ನೀ ಒಮ್ಮಿನೂ ಕೇಳಲಿಲ್ಲಲ್ಲೊ ತಮ್ಮಾ.”

ಅವನು ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟ.

“ಅದಕ್ಕ ಬೇಕಾದಷ್ಟು ಈಗಿಂದೀಗ ಮಾರು. ಬೆಲಿ ನೋಡಬ್ಯಾಡ. ಉಳಿದದ್ದು ಇರ್ಲಿ. ಆಪರೇಷನ್ನಿಗೆ ನಾನು ಬರ್ತೀನಿ.”

ಒಳಗೆ ಹೋದಾಗ ಅಜ್ಜಾರು ಹಂಡೆಯ ಪಕ್ಕದಲ್ಲೇ ಕೂತಿದ್ದರು. ನುಚ್ಚು ಆರಿ ಗಟ್ಟಿಯಾಗಿತ್ತು.

“ಅಜ್ಜಾರ, ಕಡಿಮಿ ಬೆಲಿಗೆ ಮಾರೂದಾತು. ಉಳಿದದ್ದೂ ಇನ್ನ ಇಳಿದ್ರ ಏನ್ ಮಾಡ್ಲಿ?”

ಅಜ್ಜಾರು ಗೋಡೆಗೆ ಒರಗಿಸಿದ್ದ ಎರಡು ತಾಟು ತೆಗೆದು ಮುಂದಿಟ್ಟರು.

“ಇವತ್ತ ಸಂಜೀಕ ಒಲಿ ಹಚ್ಚಬ್ಯಾಡ. ಮೂರು ಬೀಜ ನಾ ಹಾಕಿದ್ದೆ, ಮೂರು ಬೊಗಸಿ ನನಗ ಬಡಿಸು. ಮೂರು ನೀ ಹಾಕಿದ್ದಿ, ಮೂರು ನೀ ಹಾಕ್ಕೊ.”