ಒಣಗಿದ ಪ್ಲಗ್

"ಗುರುಗಳೇ, ಹನ್ನೊಂದು ಜನ ಸರಿಯಾಗಿ ಹೇಳುವ ಪದ್ಯವನ್ನು ಹನ್ನೆರಡನೆಯವನೊಬ್ಬ ದಿನವೂ ಕೆಡಿಸುತ್ತಿದ್ದರೆ, ಅವನನ್ನು ಇಟ್ಟುಕೊಳ್ಳಬೇಕೇ, ಕಳಿಸಿಬಿಡಬೇಕೇ?" ಎಂದು ಗಜಾನನ ಕೇಳಿದ.

ಗಜಾನನ ಆ ಆಶ್ರಮದ ಹಿರಿಯ ಶಿಷ್ಯ. ಬೆಳಗಿನ ಪಾಠ ಹೇಳಿಕೊಡುವುದೂ ಯಾರು ಯಾವ ಕೆಲಸ ಮಾಡಬೇಕೆಂದು ಗೊತ್ತುಮಾಡುವುದೂ ಅವನ ಪಾಲಿಗೆ ಬಂದಿದ್ದವು. ಆಗ ತಾನೇ ಪಾಠ ಮುಗಿಸಿ ಬಂದಿದ್ದ. ಅವನು ಕೇಳಿದ್ದು ದುರ್ಗಯ್ಯನ ವಿಷಯ. ದುರ್ಗಯ್ಯ ನಲವತ್ತು ದಾಟಿದವನು. ಇದ್ದ ಮನೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು, ಕಲಿಯಬೇಕೆಂದೇ ಬಂದವನು. ಹೋಗು ಎಂದರೆ ಹೋಗಲು ಅವನಿಗೆ ಬೇರೆ ಜಾಗವಿರಲಿಲ್ಲ. ಇದು ಗಜಾನನನಿಗೂ ಗೊತ್ತಿತ್ತು. ಗೊತ್ತಿದ್ದುದರಿಂದಲೇ ತಾನೊಬ್ಬನೇ ತೀರ್ಮಾನಿಸದೆ ಗುರುಗಳ ಬಳಿಗೆ ಬಂದಿದ್ದ.

"ನೀನು ಏನೇನು ಮಾಡಿ ನೋಡಿದೆ?" ಎಂದರು ಗುರುಗಳು.

"ಗದರಿಸಿದೆ. ಸಂಜೆ ಎಲ್ಲರೂ ಒಂದು ಸಲ ಒಪ್ಪಿಸಿದರೆ ಅವನಿಂದ ಹತ್ತು ಸಲ ಹೇಳಿಸಿದೆ. ಒಪ್ಪಿಸಲು ನಿಂತರೆ ಬಾಯಿ ಆಡುತ್ತದೆ, ಮಾತು ಹೊರಡುವುದಿಲ್ಲ."

ಗುರುಗಳು ಸನ್ಯಾಸಕ್ಕೆ ಮುಂಚೆ ದೋಣಿಯವರ ನಡುವೆ ಬದುಕಿದವರು.

"ಒಂದು ಕತೆ ಇದೆ. ನನಗೆ ಕತೆ ಹೇಳಿ ರೂಢಿಯಿಲ್ಲ, ಮೇಲಾಗಿ ಇದು ಎಂಜಿನ್ನಿನ ಕತೆ. ನಡುನಡುವೆ ನಿಂತು ವಿವರಿಸುತ್ತೇನೆ. ಕೆಟ್ಟದಾಗಿ ಹೇಳಿದರೆ ಕ್ಷಮಿಸು" ಎಂದು ಹೇಳತೊಡಗಿದರು.

ಕಡಲ ತೀರದಲ್ಲಿ ಒಬ್ಬ ದೋಣಿಯವನಿದ್ದ. ಅವನ ದೋಣಿಯ ಹಿಂಬದಿಗೆ ಒಂದು ಟೂ ಸ್ಟ್ರೋಕ್ ಎಂಜಿನ್ ಇತ್ತು. ಅದಕ್ಕೆ ಎರಡು ಸಿಲಿಂಡರ್, ಮೇಲೊಂದು, ಕೆಳಗೊಂದು. ಸಿಲಿಂಡರ್ ಎಂದರೆ ಬೆಂಕಿ ಹೊತ್ತಿ ಬಲ ಹುಟ್ಟುವ ಕೊಳವೆ. ಪೆಟ್ರೋಲನ್ನು ಗಾಳಿಯಲ್ಲಿ ಬೆರೆಸಿ ಕೊಡಲು ಒಂದೊಂದಕ್ಕೂ ತನ್ನದೇ ಕಾರ್ಬೊರೇಟರ್, ಕಿಡಿ ಕೊಡಲು ತನ್ನದೇ ಪ್ಲಗ್. ಇಷ್ಟು ನೆನಪಿದ್ದರೆ ಸಾಕು. ಇಲ್ಲ, ಇನ್ನೊಂದನ್ನೂ ಹೇಳಬೇಕು. ಈ ಜಾತಿಯ ಎಂಜಿನ್ನಿಗೆ ಸವೆತ ತಡೆಯುವ ಎಣ್ಣೆಯನ್ನು ಬೇರೆಯಾಗಿ ಹಾಕುವುದಿಲ್ಲ, ಪೆಟ್ರೋಲಿನಲ್ಲೇ ಬೆರೆಸಿರುತ್ತಾರೆ. ಪೆಟ್ರೋಲ್ ಹೋಗದ ಕಡೆಗೆ ಎಣ್ಣೆಯೂ ಹೋಗುವುದಿಲ್ಲ.

ಮಳೆಗಾಲದಲ್ಲಿ ಆ ದೋಣಿ ಕಡಲಿಗೆ ಇಳಿಯುತ್ತಿರಲಿಲ್ಲ. ದೋಣಿಯವನು ಎಂಜಿನ್ನನ್ನು ಬಿಚ್ಚಿ, ಸಿಹಿನೀರಿನಲ್ಲಿ ತೊಳೆದು, ಮೈಗೆ ಎಣ್ಣೆ ಸವರಿ, ಕಂಬಳಿ ಸುತ್ತಿ ಮನೆಯೊಳಗೇ ಇಟ್ಟ. ಎರಡು ತಿಂಗಳಾದ ಮೇಲೆ ಕಡಲಿಗೆ ಹಾಲೆರೆದು, ಎಂಜಿನ್ನಿಗೆ ಕುಂಕುಮವಿಟ್ಟು, ಅಬ್ಬಲಿಗೆ ಹೂವಿನ ಮಾಲೆ ಹಾಕಿ ದೋಣಿ ಇಳಿಸಿದ. ಜೊತೆಗೆ ಅವನ ಹೆಂಡತಿಯ ಅಣ್ಣನಿದ್ದ.

ಹೊಳೆ ಕಡಲಿಗೆ ಸೇರುವ ಅಳಿವೆಯಲ್ಲಿ ಅಲೆಗಳು ಒಂದರ ಮೇಲೊಂದು ಏಳುತ್ತವೆ. ಅಲ್ಲಿ ಎಂಜಿನ್ನಿಗೆ ಪೂರ್ತಿ ಬಲ ಬೇಕು. ಸರಿಯಾಗಿ ಅಲ್ಲಿಯೇ ಅದು ಕುಂಟಿತು. ದೋಣಿಯವನು ಇನ್ನಷ್ಟು ವೇಗ ಕೊಟ್ಟ. ಎಂಜಿನ್ ನಡುಗಿತೇ ಹೊರತು ಎಳೆಯಲಿಲ್ಲ. ದೋಣಿ ಅಲೆಗೆ ಅಡ್ಡ ತಿರುಗಿ ಅರ್ಧ ನೀರು ತುಂಬಿತು. ಭಾವ ಹುಟ್ಟು ಹಾಕಿ ಹಾಕಿ ಹೇಗೋ ದಡ ಮುಟ್ಟಿಸಿದ.

"ನಿನಗೇನಾದರೂ ಆದರೆ ತಂಗಿಗೆ ಮುಖ ತೋರಿಸಬೇಕಾದವನು ನಾನು, ಮಾರಾಯ. ಈ ಎಂಜಿನ್ ಕಟ್ಟುವುದಾದರೆ ನಾಳೆಯಿಂದ ಒಬ್ಬನೇ ಹೋಗು" ಎಂದು ಹೇಳಿ ಭಾವ ಹೊರಟುಹೋದ. ಒಬ್ಬನಿಂದ ಬಲೆ ಎಳೆಯಲು ಆಗುವುದಿಲ್ಲ. ಎಂದರೆ, ಎಂಜಿನ್ ಸರಿಯಾಗದಿದ್ದರೆ ದೋಣಿಯವನಿಗೆ ಕಡಲೇ ಇಲ್ಲ.

ಅವನು ಎರಡೂ ಪ್ಲಗ್ ಹೊಸದು ಹಾಕಿದ. ದಡದಲ್ಲೇ ನಿಲ್ಲಿಸಿ ಮತ್ತೆ ಮತ್ತೆ ವೇಗ ಕೊಟ್ಟು ನೋಡಿದ. ಆಗಲಿಲ್ಲ. ಕೊನೆಗೆ ಎಂಜಿನ್ನನ್ನು ಹೊತ್ತು ಒಬ್ಬ ಮುದುಕ ಮೇಸ್ತ್ರಿಯ ಬಳಿಗೆ ಹೋದ.

"ಎರಡು ಸಿಲಿಂಡರಿನಲ್ಲಿ ಒಂದು ಸೋಮಾರಿ, ಮೇಸ್ತ್ರಿಗಳೇ. ಯಾವುದೆಂದು ಹುಡುಕಿ ಅದನ್ನು ಮುಚ್ಚಿಬಿಡಿ. ಉಳಿದ ಒಂದರಲ್ಲೇ ಓಡಿಸುತ್ತೇನೆ" ಎಂದ.

ಮೇಸ್ತ್ರಿ ಬಾಡಿದ ಮಾಲೆಯನ್ನು ಬೆರಳಲ್ಲಿ ಎತ್ತಿದ. "ಮದುಮಗಳ ಹಾಗೆ ಸಿಂಗರಿಸಿದ್ದೀಯ. ಊಟ ಹಾಕಿದ್ದೀಯೋ ಇಲ್ಲವೋ, ನೋಡೋಣ" ಎಂದ.

ಅವನು ಎಂಜಿನ್ನನ್ನು ನೀರಿನ ಡ್ರಮ್ಮಿನಲ್ಲಿ ನಿಲ್ಲಿಸಿ ಓಡಿಸಿದ. ರಬ್ಬರ್ ಹಿಡಿಯ ಇಕ್ಕಳದಿಂದ ಕೆಳಗಿನ ಪ್ಲಗ್ಗಿನ ತಂತಿಯನ್ನು ಎಳೆದ. ಸದ್ದು ಬದಲಾಗಲಿಲ್ಲ. ಅದನ್ನು ಮತ್ತೆ ಸಿಕ್ಕಿಸಿ ಮೇಲಿನದನ್ನು ಎಳೆದ. ಎಂಜಿನ್ ನಿಂತೇಹೋಯಿತು. ದುಡಿಯುವುದನ್ನು ತಡೆದರೆ ಎಂಜಿನ್ ಸೋಲುತ್ತದೆ, ದುಡಿಯದುದನ್ನು ತಡೆದರೆ ಏನೂ ಆಗುವುದಿಲ್ಲ. ಹೀಗೆ ಕೆಳಗಿನದು ಎಂದು ಗೊತ್ತಾಯಿತು.

"ನಾನು ಹೇಳಲಿಲ್ಲವೇ!" ಎಂದ ದೋಣಿಯವನು.

ಮೇಸ್ತ್ರಿ ಕೆಳಗಿನ ಪ್ಲಗ್ ಬಿಚ್ಚಿದ. ಅದು ಕೂತಿದ್ದ ತೂತಿಗೆ ಹೆಬ್ಬೆರಳು ಒತ್ತಿ, ಎಂಜಿನ್ ತಿರುಗಿಸುವ ಹಗ್ಗ ಎಳೆದ. ಒಳಗಿನ ಗಾಳಿ ಬೆರಳನ್ನು ಜೋರಾಗಿ ದೂಡಿತು. ಸಿಲಿಂಡರಿನಲ್ಲಿ ಬಲವಿತ್ತು. ಪ್ಲಗ್ಗನ್ನು ತಂತಿಗೆ ಸಿಕ್ಕಿಸಿ, ಎಂಜಿನ್ನಿನ ಮೈಗೆ ತಾಗಿಸಿ ಮತ್ತೆ ಹಗ್ಗ ಎಳೆದ. ನೀಲಿ ಕಿಡಿ ಹಾರಿತು. ಕಿಡಿಯೂ ಇತ್ತು. ಆಮೇಲೆ ಪ್ಲಗ್ಗಿನ ತುದಿಯನ್ನು ದೋಣಿಯವನ ಅಂಗೈ ಮೇಲೆ ಉಜ್ಜಿದ.

"ಕಲೆ ಆಯಿತೇ?"

"ಇಲ್ಲ. ಒಣಗಿದೆ."

"ಪೆಟ್ರೋಲ್ ಬಂದಿದ್ದರೆ ಒದ್ದೆಯಾಗಿರುತ್ತಿತ್ತು. ಇದು ಸೋಮಾರಿಯಲ್ಲ, ಹಸಿದಿದೆ. ಹಸಿದದ್ದಕ್ಕೆ ನೀನು ವೇಗ ಕೊಟ್ಟೆ. ಇನ್ನೂ ನಾಲ್ಕು ದಿನ ಹಾಗೆ ಮಾಡಿದ್ದರೆ ಎಣ್ಣೆಯಿಲ್ಲದೆ ಉಜ್ಜಿ ಒಳಗೇ ಸುಟ್ಟುಹೋಗುತ್ತಿತ್ತು."

ಇಲ್ಲಿ ಗಜಾನನ ಕುಳಿತಲ್ಲೇ ಒಮ್ಮೆ ಸರಿದು ಕುಳಿತ. ಗುರುಗಳು ಅದನ್ನು ನೋಡಿದರೂ ನೋಡದವರಂತೆ ಮುಂದುವರಿಸಿದರು.

ಮೇಸ್ತ್ರಿ ಕೆಳಗಿನ ಕಾರ್ಬೊರೇಟರ್ ಬಿಚ್ಚಿದ. ತಳದಲ್ಲಿ ಹಲಸಿನ ಮೇಣದಂಥ ಕಂದು ಅಂಟು ಕೂತಿತ್ತು. ಪೆಟ್ರೋಲ್ ಹಾಯುವ ತೂತು ಕೂದಲೆಳೆಯಷ್ಟು ಸಣ್ಣದು. ಅದು ಪೂರ್ತಿ ಮುಚ್ಚಿತ್ತು. ದೋಣಿಯವನು ಅವಸರದಲ್ಲಿ ಸೂಜಿ ಹಾಕಲು ಹೋದ. ಮೇಸ್ತ್ರಿ ಅವನ ಕೈ ಹಿಡಿದ. ಆ ತೂತಿಗೆ ಒಂದು ಅಳತೆ ಇರುತ್ತದೆ, ಸೂಜಿಯಿಂದ ಅದು ದೊಡ್ಡದಾಗಿಬಿಡುತ್ತದೆ. ಅದನ್ನು ಪೆಟ್ರೋಲಿನಲ್ಲಿ ನೆನೆಸಿ, ಕಾದು, ಗಾಳಿ ಊದಿಯೇ ಬಿಡಿಸಬೇಕು. ಮೇಲಿನ ಕಾರ್ಬೊರೇಟರನ್ನೂ ಬಿಚ್ಚಿ ನೋಡಿದ. ಅಲ್ಲಿಯೂ ಅಂಟು ಹಿಡಿಯತೊಡಗಿತ್ತು.

"ಒಳಗೆ ಉಳಿದ ಪೆಟ್ರೋಲನ್ನು ಬಸಿಯದೆ ಎತ್ತಿಟ್ಟರೆ ಅದು ಒಣಗಿ ಹೀಗಾಗುತ್ತದೆ. ಇದನ್ನು ಮಳೆಗಾಲಕ್ಕೆ ಎತ್ತಿಟ್ಟವರು ಯಾರು?" ಎಂದು ಮೇಸ್ತ್ರಿ ಕೇಳಿದ.

"ನಾನೇ" ಎಂದ ದೋಣಿಯವನು.

ಮರುದಿನ ಅವನು ಭಾವನ ಮನೆಯ ಬಾಗಿಲಿಗೆ ಹೋಗಿ, ಕೆಟ್ಟದ್ದು ಎಂಜಿನ್ ಅಲ್ಲ, ತಪ್ಪು ತನ್ನದೇ ಎಂದು ಹೇಳಿದ. ಇಬ್ಬರೂ ಅಳಿವೆ ದಾಟಿದರು.

"ಕತೆ ಇಷ್ಟೇ. ಆದರೆ ಅರ್ಥವನ್ನೂ ಬಿಡಿಸಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನಗೆ ಸಮಾಧಾನವಿಲ್ಲ. ಸಿಲಿಂಡರ್ ಎಂದರೆ ಶಿಷ್ಯ ಎಂದಿಟ್ಟುಕೋ. ಪೆಟ್ರೋಲ್ ಎಂದರೆ ಪಾಠ. ಇನ್ನು ಮುಚ್ಚಿದ ಆ ತೂತು ಎಂದರೆ..."

ಅಷ್ಟರಲ್ಲಿ ಅಡುಗೆಮನೆಯ ಬಾಗಿಲಿನಿಂದ ದುರ್ಗಯ್ಯ ಕರೆದ. ಅವನ ಕೈಯಲ್ಲಿ ಸೌಟಿತ್ತು. ಕಣ್ಣುಗಳು ಹೊಗೆಗೆ ಕೆಂಪಾಗಿದ್ದವು.

"ಗುರುಗಳೇ, ಗಂಜಿ ಆಗಿದೆ, ಬನ್ನಿ. ದಿನವೂ ಪಾಠ ಮುಗಿಯುವಷ್ಟರಲ್ಲಿ ಇಳಿಸಿರಬೇಕೆಂದು ಗಜಾನನಯ್ಯನವರ ಅಪ್ಪಣೆ. ಇವತ್ತು ತುಸು ತಡವಾಯಿತು."

ಗುರುಗಳು ಹೇಳುತ್ತಿದ್ದುದನ್ನು ಅಲ್ಲಿಗೇ ಬಿಟ್ಟು ಎದ್ದರು. ಎರಡು ಹೆಜ್ಜೆ ಹೋಗಿ ತಿರುಗಿ ನಿಂತರು.

"ಗಜಾನನ, ಪಾಠದ ಹೊತ್ತಿನಲ್ಲಿ ಇವನನ್ನು ಒಲೆಯ ಮುಂದೆ ಕೂರಿಸಿದವರು ಯಾರು?"

ಗಜಾನನನ ಬಾಯಿ ಆಡಿತು, ಮಾತು ಹೊರಡಲಿಲ್ಲ.